ಚಕ್ರ ಇಲ್ಲದ ಮಡಚೋ ವಾಕರ್: ದಸರಾ ಆದ್ಮೇಲೆ ತಗೊಂಡಿದ್ದು, ಯುಗಾದಿ ಹೊತ್ತಿಗೆ ಬರೀತಿರೋ ರಿವ್ಯೂ

ಪ್ರಾಡಕ್ಟ್ ಯಾವುದು ಅಂತ ಮೊದ್ಲೇ ಹೇಳ್ಬಿಡ್ತೀನಿ. ನಾಲ್ಕು ಕಾಲಿನ ಮಡಚೋ ಅಲ್ಯೂಮಿನಿಯಂ ವಾಕರ್, ಚಕ್ರ ಇಲ್ಲದ್ದು, ದೊಡ್ಡ ಬ್ರಾಂಡ್ ಏನೂ ಅಲ್ಲ, ಮೈಸೂರಲ್ಲೇ ಆಸ್ಪತ್ರೆ ಹತ್ರದ ಒಂದು ಸರ್ಜಿಕಲ್ ಅಂಗಡೀಲಿ ಸಾವಿರದ ಮುನ್ನೂರು ಚಿಲ್ರೆಗೆ ಸಿಕ್ಕಿದ್ದು. ಐದಕ್ಕೆ ನಾಲ್ಕು ಸ್ಟಾರ್. ಆನ್‌ಲೈನಲ್ಲಿ ವಾಕರ್‌ಗೆ ಇರೋ ರಿವ್ಯೂಗಳನ್ನ ಓದಿದ್ದೆ, ಮುಕ್ಕಾಲು ಪಾಲು ಡಬ್ಬ ಬಂದ ದಿನವೇ ಬರೆದಿದ್ದು, "ಗುಡ್ ಪ್ರಾಡಕ್ಟ್, ಅಪ್ಪನಿಗೆ ತುಂಬಾ ಇಷ್ಟ ಆಯ್ತು" ಅಂತ. ವಾಕರ್ ಮನೆಗೆ ಬಂದ ದಿನ ಯಾವ ಅಪ್ಪನಿಗೆ ಇಷ್ಟ ಆಗುತ್ತೆ ಸ್ವಾಮಿ, ಬರೆದವರು ಮಕ್ಕಳು, ನಡೆಯೋನು ಅಪ್ಪ. ಹಂಗಾಗಿ ನಡೆದವನೇ ಒಂದ್ಸಲ ಬರೀಲಿ ಅಂತ ಕೂತಿದೀನಿ, ಉದ್ದ ಆಗುತ್ತೆ, ಟೈಮ್ ಇದ್ದೋರು ಓದಿ.

ನಾನು ಲೈನ್‌ಮ್ಯಾನ್ ಆಗಿ ರಿಟೈರ್ ಆದವನು. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಆಮೇಲೆ ನಮ್ಮ ಕಡೆಗೆ ಸೆಸ್ಕ್ ಆಯ್ತು, ಜನ ಇವತ್ತಿಗೂ ಕೆಇಬಿಯೋರು ಅಂತಾನೇ ಅನ್ನೋದು. ಕಂಬ ಹತ್ತಿ ಇಳಿದೇ ಮಂಡಿ ಸವೀತು ಅನ್ನೋದು ನನ್ನ ವಾದ, ಡಾಕ್ಟ್ರು ಮಾತ್ರ ವಯಸ್ಸು ತೂಕ ವಂಶ ಎಲ್ಲಾ ಸೇರುತ್ತೆ ಬಿಡಿ ಅಂದ್ರು. ಬಲಗಾಲಿನ ಮಂಡಿ ಬದಲಾಯಿಸೋದು ಅಂತ ತೀರ್ಮಾನ ಆಯ್ತು, ನವರಾತ್ರಿ ಮುಗಿದು ಗೊಂಬೆ ಇಳಿಸಿ ಪೆಟ್ಟಿಗೆಗೆ ತುಂಬಿದ ಮೇಲೇನೇ ಅಂತ ನಮ್ಮನೆಯವಳ ಷರತ್ತು, ಅದೂ ಸರಿಯೇ, ಗೊಂಬೆ ಸ್ಟ್ಯಾಂಡ್ ಅಟ್ಟದಿಂದ ಇಳಿಸೋನು ನಾನೇ ತಾನೇ.

ಖರ್ಚಿನ ವಿಷ್ಯ ಎಲ್ಲರೂ ಕೇಳ್ತಾರೆ, ಇಲ್ಲೇ ಹೇಳಿ ಮುಗಿಸ್ತೀನಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗಳಿಗೆ, ಅಂದ್ರೆ ಒಳಗೆ ಕೂರಿಸೋ ಕೃತಕ ಮಂಡಿಗೆ, ಬೆಲೆ ಮಿತಿ ಹಾಕ್ತು, ಜಾಸ್ತಿ ಬಳಕೆಯಲ್ಲಿರೋ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಮುಂಚೆ ಅದೇ ವಸ್ತು ಒಂದೂವರೆ ಲಕ್ಷ ದಾಟಿತ್ತು. ಈಗ ನೀವು ಮಾಡಿಸ್ಕೊಳ್ತಿದ್ರೆ ಬಿಲ್ಲಲ್ಲಿ ಇಂಪ್ಲಾಂಟ್ ಬೆಲೆ ಪ್ರತ್ಯೇಕ ಸಾಲಲ್ಲಿ ತೋರಿಸಿ ಅಂತ ಕೇಳಿ, ಕೇಳೋದು ನಿಮ್ಮ ಹಕ್ಕು. ವಾಕರ್ ದುಡ್ಡು ಇದೆಲ್ಲದರ ಮುಂದೆ ಏನೂ ಅಲ್ಲ, ಅದಕ್ಕೇ ಅದನ್ನ ಯಾರೂ ಸರಿಯಾಗಿ ನೋಡಿ ತಗೊಳ್ಳಲ್ಲ. ಡಿಸ್ಚಾರ್ಜ್ ದಿನ ಮಗನೋ ಅಳಿಯನೋ ಓಡಿ ಹೋಗಿ "ಒಂದು ವಾಕರ್ ಕೊಡಿ" ಅಂತ ತರೋದು, ಅಷ್ಟೇ.

ಹಂಗೆ ಮಾಡ್ಬೇಡಿ, ಆಪರೇಷನ್‌ಗೆ ಮುಂಚೇನೇ ಪೇಷೆಂಟನ್ನೇ ಕರ್ಕೊಂಡು ಹೋಗಿ, ಅವರ ಚಪ್ಪಲಿ ಹಾಕ್ಸಿ ನಿಲ್ಲಿಸಿ. ಕೈ ಎರಡೂ ಪಕ್ಕಕ್ಕೆ ಇಳಿಬಿಟ್ರೆ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತೋ ಅಲ್ಲಿಗೆ ಹಿಡಿ ಇರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಎತ್ತರ ಜಾಸ್ತಿ ಆದ್ರೆ ಭುಜ ಕಿವಿಗೆ ಬರುತ್ತೆ, ಕಮ್ಮಿ ಆದ್ರೆ ಬಗ್ಗಿ ಬಗ್ಗಿ ಸೊಂಟ ಹಿಡ್ಕೊಳುತ್ತೆ, ಮಂಡಿ ನೋವಿನ ಜೊತೆ ಅದೊಂದು ಫ್ರೀ. ಕಾಲುಗಳಲ್ಲಿ ಸಾಲಾಗಿ ತೂತು, ಒಂದೊಂದಕ್ಕೂ ಒಂದು ಇಂಚಿನಷ್ಟು ಅಂತರ, ಸ್ಪ್ರಿಂಗ್ ಗುಂಡಿ ಒತ್ತಿ ಎಳೀಬೇಕು, ನಾಲ್ಕೂ ಒಂದೇ ತೂತಲ್ಲಿ ಕೂತಿದೆಯಾ ಅಂತ ಎಣಿಸಿ ನೋಡಿ. ಅಂಗಡಿಯ ಸಪಾಟು ನೆಲದ ಮೇಲೆ ಇಟ್ಟು ಹಿಡಿ ಮೇಲೆ ಭಾರ ಬಿಟ್ಟು ಅಲ್ಲಾಡಿಸಿ, ಕಟಕಟ ಅಂದ್ರೆ ಇನ್ನೊಂದು ತೆಗೀರಿ ಅನ್ನಿ, ಸಂಕೋಚ ಬೇಡ. ತೂಕ ಸುಮಾರು ಎರಡೂವರೆ ಮೂರು ಕೆಜಿ, ಎತ್ತೋಕೆ ಭಾರ ಇಲ್ಲ. ಅದಕ್ಕಿಂತ ಮುಖ್ಯ ಅಗಲ. ನಮ್ಮದು ಹಳೇ ಮನೆ, ಬಚ್ಚಲ ಬಾಗಿಲು ಎರಡಡಿ ಅಷ್ಟೇ, ಟೇಪ್ ತಗೊಂಡು ಅಳೆದು ಚೀಟೀಲಿ ಬರ್ಕೊಂಡು ಹೋಗಿದ್ದೆ, ಅಂಗಡಿಯೋನು ಮೊದ್ಲು ಕೊಟ್ಟ ದೊಡ್ಡ ಸೈಜು ಆ ಬಾಗಿಲಲ್ಲಿ ತೂರ್ತಾನೇ ಇರ್ಲಿಲ್ಲ.

ಈಗ ಚಕ್ರದ ವಿಷ್ಯ. ಮುಂದಿನ ಎರಡು ಕಾಲಿಗೆ ಚಕ್ರ ಇರೋದನ್ನ ತಗೊಳ್ಳಿ ಸಾರ್, ಎತ್ತೋ ಗೋಜಿಲ್ಲ, ತಳ್ಕೊಂಡು ಹೋಗಬಹುದು ಅಂತ ಅಂಗಡಿಯೋನು ನೂರಾರು ರೂಪಾಯಿ ಜಾಸ್ತಿದು ತೋರಿಸ್ದ. ಅಪಾರ್ಟ್‌ಮೆಂಟಲ್ಲಿ ಹೊಸಿಲೇ ಇಲ್ಲದ ಟೈಲ್ಸ್ ಮನೆ ಇದ್ದೋರಿಗೆ, ಎತ್ತಿ ಇಡೋಕೆ ಕೈಯಲ್ಲಿ ಶಕ್ತಿ ಇಲ್ಲದೋರಿಗೆ ಅದೇ ವಾಸಿ, ಇಲ್ಲ ಅನ್ನಲ್ಲ, ಫಿಸಿಯೋ ಹೇಳಿದ್ರೆ ಅದನ್ನೇ ತಗೊಳ್ಳಿ. ನಮ್ಮಂಥ ಮನೆಗೆ ಆಗಲ್ಲ. ನಡುಮನೆಯಿಂದ ಅಡುಗೆಮನೆಗೆ ಒಂದು ಹೊಸಿಲು, ಹಜಾರಕ್ಕೆ ಒಂದು, ಬಚ್ಚಲಿಗೆ ಒಂದು ಇಳಿಜಾರು, ನೆಲ ರೆಡ್ ಆಕ್ಸೈಡು, ಸೊಸೆ ಅದನ್ನ ಕನ್ನಡಿ ಥರ ಇಟ್ಟಿರ್ತಾಳೆ. ಚಕ್ರ ಆದ್ರೆ ಹೊಸಿಲಿಗೆ ಹೋಗಿ ಡಿಕ್ಕಿ, ಇಲ್ಲಾ ಇಳಿಜಾರಲ್ಲಿ ನಮಗಿಂತ ಮುಂದೆ. ಚಕ್ರ ಇಲ್ಲದ್ದು ಎತ್ತಿ ಇಟ್ಟಲ್ಲೇ ನಿಲ್ಲುತ್ತೆ. ಇನ್ನೊಂದು ಏನಪ್ಪಾ ಅಂದ್ರೆ ಅದು ನಮ್ಮನ್ನ ಓಡೋಕೆ ಬಿಡಲ್ಲ, ವಾಕರ್ ಎತ್ತಿಡು, ಆಪರೇಷನ್ ಆದ ಕಾಲು ಇಡು, ಆಮೇಲೆ ಒಳ್ಳೇ ಕಾಲು, ಮತ್ತೆ ವಾಕರ್, ಇದ್ರಲ್ಲಿ ಒಂದನ್ನ ಬಿಟ್ಟು ಮುಂದಕ್ಕೆ ಹೋಗೋಕೇ ಆಗಲ್ಲ, ಫೋನ್ ರಿಂಗ್ ಆಗ್ಲಿ ಕೊರಿಯರ್ ಬರ್ಲಿ ಕುಕ್ಕರ್ ಕೂಗ್ಲಿ ಅದೇ ಸ್ಪೀಡು. ನನ್ನಂಥ ಗಡಿಬಿಡಿ ಮನುಷ್ಯನಿಗೆ ಈ ವಾಕರಲ್ಲಿ ಇಷ್ಟ ಆಗಿದ್ದು ಇದೇ, ಇದಕ್ಕೇ ನಾಲ್ಕು ಸ್ಟಾರ್.

ಹೊಸಿಲು ಅಂದ್ನಲ್ಲ, ಶುಕ್ರವಾರ ಅರಿಶಿನ ಕುಂಕುಮ ಇಟ್ಟಿರ್ತಾರೆ, ಅದರ ಮೇಲೆ ವಾಕರ್ ಕಾಲೂ ಇಡಂಗಿಲ್ಲ ನನ್ನ ಕಾಲೂ ಇಡಂಗಿಲ್ಲ. ಫಿಸಿಯೋ ಹುಡುಗ ಇದನ್ನೇ ಎಕ್ಸರ್‌ಸೈಜ್ ಮಾಡ್ಬಿಟ್ಟ. ವಾಕರ್ ನಾಲ್ಕೂ ಕಾಲು ಹೊಸಿಲಿನ ಆಚೆ ಇಟ್ಟು ಭಾರ ಬಿಟ್ಟು, ಮಂಡಿ ಮಡಚಿ ಕಾಲೆತ್ತಿ ದಾಟಿ, ಹಿಮ್ಮಡಿ ಮೊದಲು ಊರಬೇಕು ಅಂತ, ನೇರ ಕೋಲಿನ ಥರ ಕಾಲು ಬೀಸ್ಕೊಂಡು ದಾಟಿದ್ರೆ ವಾಪಸ್ ಕಳಿಸ್ತಿದ್ದ. ದುಡ್ಡು ಕೊಟ್ಟು ತರಿಸೋ ಸ್ಟೆಪ್ಪರ್ ಗಿಪ್ಪರ್ ಬೇಡ, ಹಳೇ ಮನೇಲಿ ಎಲ್ಲಾ ಇದೆ ಅಂದ.

ವಾಕರ್ ಹಿಡ್ಕೊಂಡು ಎಳೆದು ಕುರ್ಚಿಯಿಂದ ಏಳೋದು ಮಾತ್ರ ಬೇಡವೇ ಬೇಡ, ಅದು ಮೇಲೆ ಬೀಳುತ್ತೆ. ಕುರ್ಚಿ ಕೈ ಒತ್ತಿ ಎದ್ದು, ನಿಂತು, ಉಸಿರು ತಗೊಂಡು, ಆಮೇಲೆ ಹಿಡಿ. ಹಾಗಾಗಿ ಕೈ ಇರೋ, ಸ್ವಲ್ಪ ಎತ್ತರದ ಕುರ್ಚಿ ಒಂದು ಮನೇಲಿ ಮೊದ್ಲೇ ಇರಲಿ, ಸೋಫಾದಲ್ಲಿ ಕೂತ್ರೆ ಏಳ್ಸೋಕೆ ಇಬ್ರು ಬೇಕು. ಬಗ್ಗಿ ಮುಂದಿನ ಪಟ್ಟಿಗೆ ಹೊಟ್ಟೆ ತಾಗೋ ಹಾಗೂ ನಡೀಬಾರದು. ಕಾರಲ್ಲಿ ಕೂರೋವಾಗ ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ, ಮೊದ್ಲು ಹಿಂದಕ್ಕೆ ಕೂತು ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಿದ್ರೆ ಜಾರ್ಕೊಂಡು ಸುಲಭವಾಗಿ ಹೋಗುತ್ತೆ.

ಈಗ ಯಾರೂ ಸರಿಯಾಗಿ ಹೇಳದೆ ಇರೋ ಭಾಗ. ನಿಧಾನ. ಗುಣ ಆಗೋದು ಎಷ್ಟು ನಿಧಾನ ಅಂತ ಗೊತ್ತಿರಲ್ಲ ಜನಕ್ಕೆ. ಆಪರೇಷನ್ ಆದ ಮರುದಿನವೇ ನಿಲ್ಲಿಸಿ ನಡೆಸ್ತಾರೆ, ಅದನ್ನ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ಎಲ್ಲರೂ ಕೈ ಮುಗಿಯೋ ಇಮೋಜಿ ಹಾಕ್ತಾರೆ, ಆಯ್ತು ಗುಣ ಆಯ್ತು ಅಂತ. ಅಸಲಿ ಕೆಲಸ ಅಲ್ಲಿಂದ ಶುರು. ಊತ ಮತ್ತು ಬಿಸಿ ತಿಂಗಳುಗಟ್ಟಲೆ ಇರುತ್ತೆ, ಸಾಯಂಕಾಲ ಆದ್ರೆ ಜಾಸ್ತಿ, ಗಾಯದ ಹೊರಗಡೆ ಪಕ್ಕಕ್ಕೆ ಒಂದಷ್ಟು ಜಾಗ ಮರಗಟ್ಟಿದ ಹಾಗೆ, ನಡೆಯೋವಾಗ ಒಳಗೆ ಟಿಕ್ ಅನ್ನೋ ಸದ್ದು, ರಾತ್ರಿ ನಿದ್ದೆ ಬರಲ್ಲ, ಪೂರ್ತಿ ಸುಧಾರಿಸೋಕೆ ಒಂದು ವರ್ಷದವರೆಗೂ ಹಿಡಿಯುತ್ತೆ ಅಂತ ಡಾಕ್ಟ್ರೇ ಅಂದ್ರು. ಇದೆಲ್ಲಾ ನಾರ್ಮಲ್. ಮೀನಖಂಡದಲ್ಲಿ ಇದ್ದಕ್ಕಿದ್ದಂಗೆ ನೋವು ಊತ, ಉಸಿರು ಸಿಕ್ಕಿಕೊಂಡಂಗೆ ಆಗೋದು, ಜ್ವರ, ಗಾಯದಿಂದ ಸೋರೋದು, ಇವು ನಾರ್ಮಲ್ ಅಲ್ಲ, ಆಗ ರಿವ್ಯೂ ಗಿವ್ಯೂ ಓದ್ತಾ ಕೂರ್ದೆ ತಕ್ಷಣ ಆಸ್ಪತ್ರೆಗೆ ಹೋಗಿ.

ನೋಡೋಕೆ ಬಂದೋರು ಇನ್ನೊಂದು ಕಾಟ. ಹಣ್ಣು ತರ್ತಾರೆ, ಬ್ರೆಡ್ ತರ್ತಾರೆ, ಜೊತೆಗೆ ಒಂದು ಕಥೆ ತರ್ತಾರೆ, ನಮ್ಮ ಭಾವಮೈದುನನ ಮಾವ ಹದಿನೈದೇ ದಿನಕ್ಕೆ ಬೆಟ್ಟ ಹತ್ತಿದ್ರು ಅಂತ. ಚಾಮುಂಡಿ ಬೆಟ್ಟಕ್ಕೆ ಸಾವಿರದ ಮೇಲೆ ಮೆಟ್ಟಿಲಿದೆ, ಯಾವ ಮಾವ ಹತ್ತಿದ್ರೋ ನಾನು ನೋಡ್ಬೇಕು. ಮೊದಮೊದಲು ಉರಿತಿತ್ತು. ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಅಂತ ಒಂದಿದೆ, ಎಲ್‌ಸಿ ಅಂತೀವಿ, ಕರೆಂಟ್ ಕಟ್ ಮಾಡಿದೀವಿ ಕೆಲಸ ಮಾಡಬಹುದು ಅನ್ನೋ ಅನುಮತಿ, ಸಬ್‌ಸ್ಟೇಷನ್‌ನಿಂದ ಎಲ್‌ಸಿ ಸಿಗೋವರೆಗೂ ಲೈನ್ ಮುಟ್ಟಂಗಿಲ್ಲ, ಸಿಕ್ಕಿದ ಮೇಲೂ ಅರ್ಥಿಂಗ್ ಮಾಡ್ದೆ, ಅಂದ್ರೆ ಲೈನನ್ನ ನೆಲಕ್ಕೆ ಜೋಡಿಸ್ದೆ, ಕೈ ಹಾಕಂಗಿಲ್ಲ, ಕೆಳಗಡೆ ಜನ "ಏನ್ರೀ ಸುಮ್ನೆ ನಿಂತಿದೀರಾ, ಹತ್ರೀ" ಅಂತ ಬೈತಾ ಇದ್ರೂ ಕಾಯ್ಬೇಕು. ಸರ್ವಿಸ್ ಪೂರ್ತಿ ಕಾದವನಿಗೆ ಮಂಡಿಗೆ ಕಾಯೋಕೆ ಏನು ರೋಗ ಅಂತ ನಮ್ಮನೆಯವಳು ಒಂದಿನ ಕೇಳಿದ್ಲು. ಅವತ್ತಿಂದ ನೆಂಟರ ಕಥೆಗೆ ಹೂಂ ಅಂದ್ಕೊಂಡು ಅವರು ತಂದ ಸೀಬೆಹಣ್ಣು ತಿಂತಾ ಕೂರ್ತಿದ್ದೆ.

ಇನ್ನು ದಿನ ಹೆಂಗೆ ಕಳೀತು ಅಂತ. ಬೆಳಿಗ್ಗೆ ಎದ್ದು ಆಕಾಶವಾಣಿ ಹಾಕೋದು, ವಾರ್ತೆ ಮುಗಿಯೋವರೆಗೂ ಪಾದ ಮೇಲೆ ಕೆಳಗೆ ಆಡಿಸೋದು, ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ, ಆಮೇಲೆ ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡೀನ ಹಾಸಿಗೆ ಕಡೆ ಒತ್ತಿ ಹಿಡಿಯೋದು, ಚಿತ್ರಗೀತೆ ಬಂದಾಗ ಹಿಮ್ಮಡಿ ಜಾರಿಸಿ ಮಡಚೋದು. ಮಂಡಿ ಕೆಳಗೆ ದಿಂಬು ಇಟ್ಕೊಂಡು ಮಲಗಿದ್ರೆ ಸ್ವರ್ಗ ಅನ್ಸುತ್ತೆ, ಆದ್ರೆ ಇಡಂಗಿಲ್ಲ, ಮಂಡಿ ಮಡಚಿದ ಹಾಗೇ ಗಟ್ಟಿ ಆಗ್ಬಿಡುತ್ತಂತೆ. ಅಂದಹಾಗೆ ಆಕಾಶವಾಣಿ ಅನ್ನೋ ಹೆಸರಿನ ರೇಡಿಯೋ ನಮ್ಮೂರಲ್ಲೇ 1935ರಲ್ಲಿ ಮಹಾರಾಜ ಕಾಲೇಜಿನ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೇಲಿ ಶುರು ಮಾಡಿದ್ದು, ಮೈಸೂರಿನೋರು ಈ ವಿಷ್ಯ ಎಲ್ಲಿ ಚಾನ್ಸ್ ಸಿಕ್ರೂ ಹೇಳ್ದೆ ಬಿಡಲ್ಲ, ನಾನೂ ಹೇಳ್ದೆ.

ಮಂಡಿ ಎಷ್ಟು ಮಡಚುತ್ತೆ ಅನ್ನೋದಕ್ಕೆ ಡಿಗ್ರಿ ಲೆಕ್ಕ. ಪೂರ್ತಿ ನೇರ ಆದ್ರೆ ಸೊನ್ನೆ, ಕುರ್ಚೀಲಿ ಆರಾಮಾಗಿ ಕೂತು ಏಳೋಕೆ 90 ದಾಟಬೇಕು, ಮೆಟ್ಟಿಲು ಸಲೀಸಾಗಿ ಇಳಿಯೋಕೆ ಇನ್ನೂ ಸ್ವಲ್ಪ. ಫಿಸಿಯೋ ಬರದ ದಿನ ಮೊಮ್ಮಗಳು ಕಂಪಾಸ್ ಬಾಕ್ಸಿಂದ ಕೋನಮಾಪಕ ತಂದು ಅಳೀತಿದ್ಲು, ಎಷ್ಟು ಕರೆಕ್ಟೋ ದೇವರಿಗೇ ಗೊತ್ತು, ಆದ್ರೆ ಬ್ಯಾಂಕ್ ಕ್ಯಾಲೆಂಡರಲ್ಲಿ ಪ್ರತಿ ದಿನದ ಮನೆಯಲ್ಲೂ ಕೆಂಪು ಪೆನ್ನಲ್ಲಿ ಬರೆದಿದಾಳೆ. ಮೊದ್ಲು ಪಂಚಾಂಗದಲ್ಲೇ ಬರೆಯೋಕೆ ಹೋದ್ಲು, ಅಜ್ಜಿ ಬಿಡ್ಲಿಲ್ಲ. ಆ ಅಂಕಿ ನೋಡಿದ್ರೆ ಗೊತ್ತಾಗುತ್ತೆ, ಒಂದೇ ಸಮ ಏರ್ತಾ ಹೋಗಲ್ಲ ಅದು, ಒಂದು ವಾರ ಒಂದೇ ಜಾಗದಲ್ಲಿ ನಿಲ್ಲುತ್ತೆ, ಒಂದಿನ ಕೆಳಗೇ ಇಳಿಯುತ್ತೆ, ಜಾಸ್ತಿ ನಡೆದ ಮಾರನೇ ದಿನ ನೋಡಿ, ಪಕ್ಕಾ ಇಳಿದಿರುತ್ತೆ.

ಐಸ್ ಇಡೋಕೆ ಜೆಲ್ ಪ್ಯಾಕ್ ತಂದಿದ್ವಿ, ಅದು ಫ್ರೀಜರಿಂದ ತೆಗೆದ್ರೆ ಇಟ್ಟಿಗೆ, ಮಂಡಿ ಆಕಾರಕ್ಕೆ ಬಗ್ಗಲ್ಲ. ಅಷ್ಟೊತ್ತಿಗೆ ಅವರೆಕಾಯಿ ಸೀಸನ್ ಶುರು ಆಗಿತ್ತು. ಸೊಗಡಿನ ಕಾಯಿ ದೇವರಾಜ ಮಾರ್ಕೆಟಿಂದ ಚೀಲದಲ್ಲಿ ಬರುತ್ತೆ, ಬಿಡಿಸೋದು, ರಾತ್ರಿ ನೆನೆಹಾಕೋದು, ಬೆಳಿಗ್ಗೆ ಒಂದೊಂದನ್ನೇ ಬೆರಳಲ್ಲಿ ಹಿದುಕೋದು. ಈ ಕೆಲಸಕ್ಕೆ ಕಾಲು ಬೇಕಾಗಿಲ್ಲ. ಜನ್ಮದಲ್ಲಿ ಒಂದು ಕಾಳು ಹಿದುಕಿದವನಲ್ಲ ನಾನು, ಆಫೀಸಿಂದ ಬಂದು ತಟ್ಟೆ ಮುಂದೆ ಕೂರೋದು ಗೊತ್ತಿತ್ತು ಅಷ್ಟೇ, ಈ ಸಲ ಆ ಎತ್ತರದ ಕುರ್ಚೀಲಿ ಕೂತು, ಕಾಲು ಸ್ಟೂಲ್ ಮೇಲೆ, ತೊಡೆ ಮೇಲೆ ಪಾತ್ರೆ, ಒಂದು ಕಡೆ ಸೊಸೆ ಇನ್ನೊಂದು ಕಡೆ ನಮ್ಮನೆಯವಳು, ಅವರಿಬ್ರೂ ಮಾತಾಡೋದು ಕೇಳ್ತಾ ಕೇಳ್ತಾ ಬೀದಿಯ ಇಪ್ಪತ್ತು ವರ್ಷದ ಇತಿಹಾಸ ತಿಳೀತು, ಯಾರ ಮನೆ ಮೀಟರ್ ಎಲ್ಲಿದೆ ಅನ್ನೋದು ಬಿಟ್ಟು ನನಗೆ ಏನೂ ಗೊತ್ತಿರ್ಲಿಲ್ಲ ಆ ಬೀದಿ ಬಗ್ಗೆ. ಹಿದುಕಿದಬೇಳೆ ಸಾರು, ಅವರೆಕಾಳು ಹಾಕಿದ ಅಕ್ಕಿರೊಟ್ಟಿ, ಉಪ್ಪಿಟ್ಟು, ಎಲ್ಲಾ ಆಯ್ತು, ಮಿಕ್ಕಿದ್ದು ಪ್ಯಾಕೆಟ್ ಮಾಡಿ ಫ್ರೀಜರಿಗೆ. ಒಂದು ಪ್ಯಾಕೆಟ್ ತೆಗೆದು ಬಟ್ಟೆ ಸುತ್ತಿ ಮಂಡಿ ಮೇಲೆ ಇಟ್ರೆ ಸರಿಯಾಗಿ ಕೂತ್ಕೊಳುತ್ತೆ, ಹದಿನೈದು ಇಪ್ಪತ್ತು ನಿಮಿಷ ಸಾಕು, ಬರೀ ಚರ್ಮಕ್ಕೆ ಇಡ್ಬೇಡಿ. ಆ ಪ್ಯಾಕೆಟ್ ಮೇಲೆ ಮಾರ್ಕರಲ್ಲಿ "ಮಂಡಿ" ಅಂತ ಬರೆದಿಟ್ವಿ, ಸಾರಿಗೆ ಹೋಗ್ದೇ ಇರ್ಲಿ ಅಂತ. ಜೆಲ್ ಪ್ಯಾಕ್‌ಗೆ ನನ್ನ ಕಡೆಯಿಂದ ಎರಡು ಸ್ಟಾರ್, ಅವರೆಬೇಳೆಗೆ ಐದು.

ಸಾಯಂಕಾಲ ಚೌಕಾಬಾರ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರೋದು ಬೇಡ ಅಂತ ಡಾಕ್ಟ್ರು ಹೇಳಿರೋದ್ರಿಂದ ಊಟದ ಟೇಬಲ್ ಮೇಲೇ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದ್ವಿ. ನಾಲ್ಕು ಕವಡೆ, ನಾಲ್ಕೂ ಮೇಲ್ಮುಖ ಆದ್ರೆ ಚೌಕ, ನಾಲ್ಕೂ ಬೋರಲು ಬಿದ್ರೆ ಬಾರ, ಎಂಟು. ಎದುರಾಳಿ ಕಾಯಿ ಒಂದನ್ನಾದ್ರೂ ಕಡೀದೆ ಒಳಗಿನ ಸುತ್ತಿಗೆ ಹೋಗಂಗಿಲ್ಲ. ಮೊಮ್ಮಗಳು ಎಷ್ಟು ಸಲ ನನ್ನ ಕಾಯಿ ಕಡಿದು ಮನೆಗೆ ಕಳಿಸಿದಾಳೋ ಲೆಕ್ಕ ಇಲ್ಲ, ಅದೂ ಕೊನೇ ಮನೆ ಹತ್ರ ಬಂದಾಗ್ಲೇ. ಅವಳಿಗೆ ಸ್ವಲ್ಪವೂ ದಯೆ ದಾಕ್ಷಿಣ್ಯ ಇಲ್ಲ, ಪೇಷೆಂಟು ಅಂತ ರಿಯಾಯಿತಿ ಕೇಳಿದ್ರೆ "ತಾತಾ, ಕವಡೆ ಹಾಕ್ತಿರೋದು ಕೈಯಲ್ಲಿ ತಾನೇ" ಅಂತಾಳೆ. ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆ ಕೊಬ್ಬರಿ ಬೆಲ್ಲ ಸಣ್ಣಗೆ ಹೆಚ್ಚೋ ಕೆಲಸಾನೂ ನನ್ನ ಪಾಲಿಗೇ ಬಂತು. ಬೀರೋಕೆ ಅವಳ ಜೊತೆ ಗೇಟಿನವರೆಗೂ ಹೋದೆ, ವಾಕರ್ ಎತ್ತಿ ಇಟ್ಟು, ಎತ್ತಿ ಇಟ್ಟು. ಎದುರು ಮನೆಯೋರು ಗೇಟಿಗೇ ಬಂದು ಈಸ್ಕೊಂಡ್ರು.

ವಾಕರ್‌ನಲ್ಲಿ ದೊಡ್ಡ ಕೊರತೆ ಅಂದ್ರೆ ಎರಡೂ ಕೈ ಬಿಜಿ. ಕಾಫಿ ಲೋಟ ಹಿಡ್ಕೊಂಡು ಹೋಗೋಕೆ ಆಗಲ್ಲ. ನಮ್ಮನೆಯವಳು ನನ್ನ ಹಳೇ ಖಾಕಿ ಪ್ಯಾಂಟ್ ಕತ್ತರಿಸಿ ಮುಂದಿನ ಪಟ್ಟಿಗೆ ಒಂದು ಜೇಬು ಹೊಲಿದುಕೊಟ್ಲು, ಫೋನು, ಕನ್ನಡಕ, ಮಾತ್ರೆ, ಸಣ್ಣ ಫ್ಲಾಸ್ಕು ಹಿಡಿಯುತ್ತೆ. ಭಾರ ತುಂಬಬೇಡಿ, ಮುಂದಕ್ಕೆ ಮುಗ್ಗರಿಸುತ್ತೆ. ಫಿಲ್ಟರ್ ಕಾಫಿ ಫ್ಲಾಸ್ಕಲ್ಲಿ ಕುಡಿಯೋದು ಕಾಫಿಗೆ ಮಾಡೋ ಅವಮಾನ, ಹಂಗಾಗಿ ಅಡುಗೆಮನೆಗೆ ನಾನೇ ಹೋಗಿ ಕಟ್ಟೆ ಹತ್ರ ನಿಂತು ಕುಡಿಯೋದು ರೂಢಿ ಆಯ್ತು, ಈಗಲೂ ಅದೇ ರೂಢಿ ಇದೆ, ಕೋಲಿಗೆ ಬಂದ ಮೇಲೂ.

ಕೋಲಿಗೆ ಯಾವಾಗ ಅನ್ನೋದು ಫಿಸಿಯೋ ಹೇಳ್ಬೇಕು, ಸಾಮಾನ್ಯವಾಗಿ ಕೆಲವು ವಾರದಲ್ಲಿ ಬದಲಾಯಿಸ್ತಾರೆ, ನನಗೆ ತೊಡೆ ಸ್ನಾಯು ಸೋತಿದ್ದಕ್ಕೆ ಲೇಟಾಯ್ತು. ಕೋಲು ಹಿಡಿಯೋದು ಆಪರೇಷನ್ ಆದ ಕಾಲಿನ ಕಡೆ ಅಲ್ಲ, ಎದುರು ಕೈಯಲ್ಲಿ, ಸಿನಿಮಾದಲ್ಲಿ ಎಲ್ಲರೂ ತಪ್ಪಾಗೇ ಹಿಡಿಯೋದು. ಮೆಟ್ಟಿಲು ಹತ್ತೋವಾಗ ಒಳ್ಳೇ ಕಾಲು ಮೊದ್ಲು, ಇಳಿಯೋವಾಗ ಆಪರೇಷನ್ ಆದದ್ದು ಮೊದ್ಲು. ಈ ಮಡಚೋ ವಾಕರ್ ಇಟ್ಕೊಂಡು ಮೆಟ್ಟಿಲು ಹತ್ತೋ ಸಾಹಸ ಬೇಡ.

ಒಂದು ಸ್ಟಾರ್ ಕಟ್ ಯಾಕೆ ಅಂದ್ರೆ, ಮೊದಲನೇದು ಹಿಡಿ ಮೇಲಿನ ಫೋಮ್, ಬೆವರಿಗೆ ಜಾರಿ ಸುತ್ತುತ್ತೆ. ಇನ್ಸುಲೇಷನ್ ಟೇಪ್ ಸುತ್ತಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಬೇಸಿಗೇಲಿ ಅಂಟು ಬಿಟ್ಟು ಕೈಯೆಲ್ಲಾ ಕಪ್ಪು, ಆ ಟೇಪ್ ಜೊತೆ ಬದುಕು ಸವೆಸಿದವನು ಹೇಳ್ತಿದೀನಿ, ಸೈಕಲ್ ಅಂಗಡೀಲಿ ಹ್ಯಾಂಡಲ್ ಗ್ರಿಪ್ ಸಿಗುತ್ತೆ, ಸೈಜ್ ನೋಡಿ ಹಾಕ್ಸಿ. ಎರಡನೇದು ಮಡಚೋ ಕೀಲಿನ ಸದ್ದು, ರಾತ್ರಿ ಬಾತ್‌ರೂಮಿಗೆ ಎದ್ರೆ ಟಕ್ ಟಕ್ ಅಂತ ಮನೆಯೆಲ್ಲಾ ಎದ್ದು ಕೂರುತ್ತೆ. ಮೂರನೇದು ಕಾಲಿನ ರಬ್ಬರ್ ಬುಷ್, ಜೊತೆಗೆ ಬರೋದು ತೀರಾ ಕಳಪೆ, ಬೇಗ ಸವೆದು ಒಳಗಿನ ಪೈಪ್ ನೆಲಕ್ಕೆ ತಾಗೋಕೆ ಶುರು ಆಗುತ್ತೆ, ಒದ್ದೆ ಬಚ್ಚಲಲ್ಲಿ ಅದು ಡೇಂಜರ್. ವಾರಕ್ಕೊಂದ್ಸಲ ವಾಕರ್ ಬೋರಲು ಹಾಕಿ ಬುಷ್ ನೋಡಿ, ಗೆರೆ ಮಾಸಿದ್ರೆ ನಾಲ್ಕೂ ಒಟ್ಟಿಗೆ ಬದಲಾಯಿಸಿ, ಅಂಥಾ ದುಡ್ಡೇನಲ್ಲ.

ಕಮೋಡ್ ಚೇರ್ ಮಾತ್ರ ದುಡ್ಡು ಕೊಟ್ಟು ತರ್ಬೇಡಿ, ಬಾಡಿಗೆಗೆ ಸಿಗುತ್ತೆ, ಬೇಕಾಗೋದು ಸ್ವಲ್ಪ ದಿನ, ಆಮೇಲೆ ಅದನ್ನ ಇಡೋಕೂ ಜಾಗ ಇರಲ್ಲ ಕೊಡೋಕೂ ಯಾರೂ ಸಿಗಲ್ಲ. ವಾಕರ್ ಆದ್ರೆ ಸ್ವಂತಕ್ಕೇ ತಗೊಳ್ಳಿ, ಬಾಡಿಗೇದು ಯಾರ್ಯಾರೋ ಬಳಸಿ ಗುಂಡಿ ಸ್ಪ್ರಿಂಗ್ ಎಲ್ಲಾ ಸಡಿಲ ಆಗಿರುತ್ತೆ.